ಕೊಂಡ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡುತ್ತಿದೆಯೇ?

ಅಂಗಡಿಯ ಬಿಲ್ಲಿನಲ್ಲಿ ‘16 ಜಿಬಿ, ಡಿಡಿಆರ್4, 3600’ ಎಂದು ಬರೆದಿರುತ್ತದೆ. ರ‍್ಯಾಮ್ ಸ್ಟಿಕ್ ಮೇಲೆ ಅಂಟಿಸಿದ ಚೀಟಿಯಲ್ಲೂ ಅದೇ ಸಂಖ್ಯೆ. ಕಂಪ್ಯೂಟರ್ ಮನೆಗೆ ಬಂದು, ವಿಂಡೋಸ್ ಹತ್ತಿ, ಎಲ್ಲವೂ ಸರಿಯಾಗಿದೆ ಅನ್ನಿಸಿದಾಗಲೂ ಆ ರ‍್ಯಾಮ್ 2133ರಲ್ಲೋ 2400ರಲ್ಲೋ 2666ರಲ್ಲೋ ಓಡುತ್ತಿರುವುದು ಬಹಳ ಸಾಮಾನ್ಯ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಬ್ರೌಸರ್, ವರ್ಡ್, ಸಿನಿಮಾ ಯಾವುದರಲ್ಲೂ ಕೊರತೆ ತಿಳಿಯುವುದಿಲ್ಲ. ಗೇಮ್ ಹಾಕಿ ಜನನಿಬಿಡ ಬೀದಿಯಲ್ಲಿ ಕಾರು ಓಡಿಸುವಾಗಲೋ, ಎದುರಾಳಿ ಮೂಲೆಯಿಂದ ದಿಢೀರನೆ ಹೊರಬಂದಾಗಲೋ ಚಿತ್ರ ಒಂದು ಕ್ಷಣ ತಡವರಿಸುತ್ತದೆ. ಆಗ ನಾವು ‘ಗ್ರಾಫಿಕ್ಸ್ ಕಾರ್ಡ್ ಸಾಲದು’ ಅಂದುಕೊಳ್ಳುತ್ತೇವೆ. ಇಲ್ಲವೇ ಇನ್ನೊಂದು 8 ಜಿಬಿ ಸ್ಟಿಕ್ ಕೊಳ್ಳಲು ಹೊರಡುತ್ತೇವೆ.

ಈಗ ಹಾಗೆ ಹೊರಡುವುದು ದುಬಾರಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಮೆಮೊರಿ ಚಿಪ್‌ಗಳನ್ನು ಎಐ ಡೇಟಾ ಸೆಂಟರ್‌ಗಳು ಬಾಚಿಕೊಳ್ಳುತ್ತಿರುವುದು ಇದಕ್ಕೆ ಮುಖ್ಯ ಕಾರಣ. ‘ಕ್ರೂಷಿಯಲ್’ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯವಹಾರದಿಂದಲೇ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಈಗಾಗಲೇ ದುಡ್ಡು ಕೊಟ್ಟು ತಂದಿರುವ ರ‍್ಯಾಮ್‌ನಿಂದ ಪೂರ್ತಿ ಕೆಲಸ ತೆಗೆಯುವುದೇ ಮೊದಲ ಜಾಣತನ. ಅದಕ್ಕೆ ಬೇಕಾದ ಸೆಟ್ಟಿಂಗ್‌ಗಳು ಕೆಲವೇ ಕೆಲವು, ಎಲ್ಲವೂ ಉಚಿತ. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಗೊತ್ತಿದ್ದರೆ ಸಾಕು.

ಗೇಮ್ ತಡವರಿಸುವುದು ಎಲ್ಲಿ?

ಗೇಮ್‌ನ ನಕ್ಷೆ, ಪಾತ್ರಗಳು, ಗೋಡೆಯ ಬಣ್ಣ, ಸದ್ದು ಎಲ್ಲವೂ ಡಿಸ್ಕ್‌ನಲ್ಲಿರುತ್ತವೆ. ಆಡುವಾಗ ಬೇಕಾದಷ್ಟು ಭಾಗ ರ‍್ಯಾಮ್‌ಗೆ ಬರುತ್ತದೆ. ಪ್ರೊಸೆಸರ್ ಅಲ್ಲಿಂದ ಎತ್ತಿಕೊಂಡು ಲೆಕ್ಕ ಮಾಡಿ ಗ್ರಾಫಿಕ್ಸ್‌ಗೆ ಕೊಡುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮ್‌ಗೂ ಸಿಗುವ ಕಾಲ 16.7 ಮಿಲಿಸೆಕೆಂಡ್. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಪ್ರೊಸೆಸರ್‌ಗೆ ಹಿಡಿಯುವುದು ಸುಮಾರು 100 ನ್ಯಾನೊಸೆಕೆಂಡ್‌ನ ಒಳಗೆ. ಅದೇ ಮಾಹಿತಿ ರ‍್ಯಾಮ್‌ನಲ್ಲಿ ಇಲ್ಲದೆ ಎಸ್‌ಎಸ್‌ಡಿಯಿಂದ ಬರಬೇಕಾದರೆ ಅದರ ನೂರಾರು ಪಟ್ಟು ಕಾಲ ಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಿಂದ ಬರಬೇಕಾದರೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಒಂದು ಫ್ರೇಮ್‌ಗೆ ಸಿಗುವ ಕಾಲದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿದುಹೋಯಿತು.

ಹಾಗಾಗಿ ರ‍್ಯಾಮ್ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಬೇರೆ. ಜಾಗ ಸಾಲದೆ ಡಿಸ್ಕ್‌ಗೆ ಓಡುತ್ತಿದೆಯೇ? ಜಾಗ ಇದ್ದರೂ ವೇಗ ಸಾಲದೇ? ಈ ಎರಡನ್ನು ಬೆರೆಸಿಕೊಂಡವರೇ ಸುಮ್ಮನೆ ಖರ್ಚು ಮಾಡುತ್ತಾರೆ. ಸರಾಸರಿ ಫ್ರೇಮ್ ಸಂಖ್ಯೆ ನೋಡಿಯೂ ಮೋಸಹೋಗಬಾರದು. ಸರಾಸರಿ 70 ಇದ್ದು ನಡುನಡುವೆ 20ಕ್ಕೆ ಕುಸಿಯುವ ಗೇಮ್‌ಗಿಂತ, ಒಂದೇ ಸಮನೆ 50ರಲ್ಲಿ ಓಡುವ ಗೇಮ್ ಆಡಲು ಎಷ್ಟೋ ಚೆಂದ. ಮೆಮೊರಿ ಸೆಟ್ಟಿಂಗ್ ಸರಿಪಡಿಸಿದಾಗ ಹೆಚ್ಚು ಸುಧಾರಿಸುವುದು ಈ ಕುಸಿತಗಳೇ.

ಮೊದಲು ನೋಡಿ, ಆಮೇಲೆ ಮುಟ್ಟಿ

ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’, ಅದರೊಳಗೆ ‘ಮೆಮೊರಿ’. ಈ ಒಂದು ಪುಟದಲ್ಲಿ ಬೇಕಾದ ಬಹುತೇಕ ಮಾಹಿತಿ ಇದೆ. ‘ಸ್ಪೀಡ್’ ಎಂಬಲ್ಲಿ ರ‍್ಯಾಮ್ ಈಗ ಯಾವ ವೇಗದಲ್ಲಿ ಓಡುತ್ತಿದೆ ಎಂದು ಕಾಣುತ್ತದೆ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ ‘4ರಲ್ಲಿ 1’ ಎಂದಿದ್ದರೆ ಒಂದೇ ಸ್ಟಿಕ್ ಇದೆ ಎಂದರ್ಥ. ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬುದು ವಿಂಡೋಸ್ ಕೈಗೆ ಸಿಗದಂತೆ ತೆಗೆದಿಟ್ಟ ಭಾಗ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಬಳಸುವವರು ಒಂದು ವಿಷಯ ನೆನಪಿಡಬೇಕು: ಅದು 3200ರ ರ‍್ಯಾಮ್‌ಗೆ 1600 ಎಂದು ತೋರಿಸುತ್ತದೆ. ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುವುದು ಡಿಡಿಆರ್‌ನ ಗುಣ, ಹಾಗಾಗಿ ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ ಓದಬೇಕು. ಅರ್ಧ ವೇಗದಲ್ಲಿ ಓಡುತ್ತಿದೆ ಎಂದು ಗಾಬರಿಯಾಗಬೇಕಿಲ್ಲ.

ಈಗ ನಿಮಗೆ ತೊಂದರೆ ಕೊಡುವ ಗೇಮನ್ನೇ ತೆರೆದು ಹತ್ತು ಹದಿನೈದು ನಿಮಿಷ ಆಡಿ. ಆಲ್ಟ್, ಟ್ಯಾಬ್ ಒತ್ತಿ ಹೊರಬಂದು ಅದೇ ಪುಟ ನೋಡಿ. ರ‍್ಯಾಮ್ ಶೇ 90 ದಾಟಿದ್ದರೆ ಜಾಗದ ಕೊರತೆ ಇದೆ. ಶೇ 60ರ ಆಸುಪಾಸಿನಲ್ಲಿದ್ದೂ ಗೇಮ್ ತಡವರಿಸುತ್ತಿದ್ದರೆ ಇನ್ನೊಂದು ಸ್ಟಿಕ್‌ನ ಜಾಗ ನಿಮ್ಮ ಸಮಸ್ಯೆಗೆ ಮದ್ದಲ್ಲ. ಮುಂದೆ ಹೇಳುವ ಒಂದೊಂದು ಬದಲಾವಣೆಯ ನಂತರವೂ ಗೇಮ್‌ನ ಅದೇ ಜಾಗದಲ್ಲಿ, ಅದೇ ಗ್ರಾಫಿಕ್ಸ್ ಮಟ್ಟದಲ್ಲಿ ಆಡಿ ಹೋಲಿಸಿ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ.

ಬಯಾಸ್‌ನಲ್ಲಿರುವ ಒಂದು ಸ್ವಿಚ್

ರ‍್ಯಾಮ್ ಯಾಕೆ ಹೇಳಿದ ವೇಗದಲ್ಲಿ ಓಡುವುದಿಲ್ಲ? ಮೆಮೊರಿಗೆ ಮಾನದಂಡ ರೂಪಿಸುವ ಸಂಸ್ಥೆ ಜೆಡೆಕ್. ಅದು ನಿಗದಿ ಮಾಡಿದ ಸುರಕ್ಷಿತ ವೇಗ ಪ್ರತಿ ಸ್ಟಿಕ್‌ನ ಒಳಗಿನ ಪುಟ್ಟ ಚಿಪ್‌ನಲ್ಲಿ ಬರೆದಿರುತ್ತದೆ. ಮದರ್‌ಬೋರ್ಡ್ ಮೊದಲ ಸಲ ಎದ್ದಾಗ ಅದನ್ನೇ ಓದಿ ಪಾಲಿಸುತ್ತದೆ. ಚೀಟಿಯ ಮೇಲೆ ಇರುವ ಹೆಚ್ಚಿನ ವೇಗ ತಯಾರಕರು ಪರೀಕ್ಷಿಸಿ ಸೇರಿಸಿದ ಬೇರೆ ಪಟ್ಟಿಯಲ್ಲಿರುತ್ತದೆ. ಇಂಟೆಲ್ ರೂಪಿಸಿದ ಪಟ್ಟಿಯ ಹೆಸರು ಎಕ್ಸ್‌ಎಂಪಿ. ಡಿಡಿಆರ್5 ಕಾಲದಲ್ಲಿ ಎಎಂಡಿ ತಂದದ್ದು ಎಕ್ಸ್‌ಪೋ. ಆ ಪಟ್ಟಿಯನ್ನು ನಾವು ಆರಿಸಿದರೆ ಮಾತ್ರ ಬೋರ್ಡ್ ಅದನ್ನು ಬಳಸುತ್ತದೆ. ಕೆಲವು ಸಾಧಾರಣ ದರ್ಜೆಯ 3200 ಸ್ಟಿಕ್‌ಗಳು ಜೆಡೆಕ್ ಪಟ್ಟಿಯಲ್ಲೇ 3200 ಬರೆಸಿಕೊಂಡು ಬಂದಿರುತ್ತವೆ. ಅವು ತಾವಾಗಿಯೇ ಪೂರ್ತಿ ವೇಗದಲ್ಲಿ ಓಡುತ್ತವೆ, ಏನೂ ಮಾಡಬೇಕಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ಎಂಪಿ ಪಟ್ಟಿ ಆರಿಸುವ ಬಗೆ ಹೀಗೆ. ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಮತ್ತೆಮತ್ತೆ ಒತ್ತಿದರೆ ಬಯಾಸ್ (ವಿಂಡೋಸ್ ಏಳುವ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಪರದೆ ಬರುತ್ತದೆ. ಈಚಿನ ಬೋರ್ಡ್‌ಗಳಲ್ಲಿ ಮೊದಲ ಪುಟದಲ್ಲೇ ಎಕ್ಸ್‌ಎಂಪಿ ಎಂಬ ಗುಂಡಿ ಕಾಣುತ್ತದೆ. ಎಎಂಡಿ ಪ್ರೊಸೆಸರ್ ಇರುವ ಆಸುಸ್ ಬೋರ್ಡ್‌ಗಳಲ್ಲಿ ಅದರ ಹೆಸರು ಡಿಒಸಿಪಿ, ಎಂಎಸ್‌ಐನವರ ಎಎಂಡಿ ಬೋರ್ಡ್‌ಗಳಲ್ಲಿ ಎ-ಎಕ್ಸ್‌ಎಂಪಿ. ಹೆಸರು ಬೇರೆಯಾದರೂ ಕೆಲಸ ಒಂದೇ. ಅಲ್ಲಿ ‘ಪ್ರೊಫೈಲ್ 1’ ಆರಿಸಿ, ಎಫ್10 ಒತ್ತಿ, ಉಳಿಸಿ ಹೊರಬನ್ನಿ. ವೋಲ್ಟೇಜ್, ಟೈಮಿಂಗ್ ಎಂದು ಪಕ್ಕದಲ್ಲಿರುವ ಸಂಖ್ಯೆಗಳನ್ನು ಕೈಯಿಂದ ತಿದ್ದಬೇಡಿ. ಡಿಡಿಆರ್4ರ ಸಾಮಾನ್ಯ ವೋಲ್ಟೇಜ್ 1.2. ಎಕ್ಸ್‌ಎಂಪಿ ಅದನ್ನು ಸಾಮಾನ್ಯವಾಗಿ 1.35ಕ್ಕೆ ಏರಿಸುತ್ತದೆ. ಇದು ತಯಾರಕರೇ ಒಪ್ಪಿ ಬರೆದ ಮಟ್ಟ. ಆದರೂ ಪ್ರೊಸೆಸರ್ ಕಂಪನಿಗಳ ಲೆಕ್ಕದಲ್ಲಿ ಇದು ಓವರ್‌ಕ್ಲಾಕಿಂಗ್‌ಗೆ ಸೇರುತ್ತದೆ, ವಾರಂಟಿಯ ಷರತ್ತು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಉಳಿಸಿ ಹೊರಬಂದ ಮೇಲಿನ ಕೆಲವು ನಿಮಿಷಗಳಲ್ಲೇ ಹೆಚ್ಚಿನವರು ಹೆದರುವುದು. ಪರದೆ ಕಪ್ಪಾಗಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಕಂಪ್ಯೂಟರ್ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಹೊಸ ವೇಗಕ್ಕೆ ರ‍್ಯಾಮ್ ಮತ್ತು ಪ್ರೊಸೆಸರ್ ನಡುವೆ ಬೋರ್ಡ್ ಹೊಂದಾಣಿಕೆ ಮಾಡುತ್ತಿರುವ ಹೊತ್ತು ಅದು. ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಡಿಡಿಆರ್5 ಇದ್ದರೆ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಗಾಬರಿಬಿದ್ದು ಪವರ್ ತೆಗೆಯಬೇಡಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಬಯಾಸ್‌ನ ಯಾವ ಕೆಲಸಕ್ಕೂ ಯುಪಿಎಸ್ ಇದ್ದರೆ ನೆಮ್ಮದಿ, ಬಯಾಸ್ ಅಪ್‌ಡೇಟ್ ಮಾಡುವುದಾದರಂತೂ ಯುಪಿಎಸ್ ಇಲ್ಲದೆ ಕೈಹಾಕಲೇಬೇಡಿ.

ಕಾದರೂ ಏಳದಿದ್ದರೆ? ಹೆಚ್ಚಿನ ಬೋರ್ಡ್‌ಗಳು ಕೆಲವು ಸಲ ಸೋತ ಮೇಲೆ ತಾವೇ ಹಳೆಯ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಪ್ಲಗ್ ಕಿತ್ತು, ಬೋರ್ಡ್ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಬೋರ್ಡ್‌ನ ಪುಸ್ತಕದಲ್ಲಿ ‘ಕ್ಲಿಯರ್ ಸಿಮಾಸ್’ ಎಂದು ಇದರ ವಿವರ ಇದ್ದೇ ಇರುತ್ತದೆ.

ವಿಂಡೋಸ್ ಎದ್ದಿತು ಎಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಅಷ್ಟು ಬೇಡವೆಂದರೆ ವಿಂಡೋಸ್‌ನಲ್ಲೇ ಇರುವ ‘ಮೆಮೊರಿ ಡಯಾಗ್ನೊಸ್ಟಿಕ್’ ಆದರೂ ಆಗಲಿ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಆ ವೇಗ ಬೇಡ, ಒಂದು ಮೆಟ್ಟಿಲು ಕೆಳಗಿಳಿಸಿ. ರ‍್ಯಾಮ್‌ನಲ್ಲಿ ತಪ್ಪು ಬಿದ್ದರೆ ಗೇಮ್ ನಿಂತುಹೋಗುವುದು ಸಣ್ಣ ನಷ್ಟ. ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೊಗಳ ಫೈಲ್ ಕೆಡುವುದು ದೊಡ್ಡ ನಷ್ಟ.

ಎಲ್ಲ ಬೋರ್ಡ್‌ಗೂ ಈ ಭಾಗ್ಯ ಇಲ್ಲ. ಇಂಟೆಲ್‌ನ ಎಚ್610ರಂಥ ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಅಧಿಕೃತವಾಗಿ ಒಪ್ಪಿತವಾದ ವೇಗದವರೆಗೆ ಮಾತ್ರ ಹೋಗಬಹುದು. ಎಚ್610ಕ್ಕೆ ಡಿಡಿಆರ್4 ಹಾಕಿದರೆ 3200 ಗಡಿ. ಅಲ್ಲಿಗೆ 3600ರ ಸ್ಟಿಕ್ ತಂದು ಹೆಚ್ಚು ಹಣ ಕೊಡುವುದು ವ್ಯರ್ಥ. ಬಿ560 ಮತ್ತು ನಂತರದ ಬಿ ಸರಣಿಯಲ್ಲಿ ಆ ನಿರ್ಬಂಧವಿಲ್ಲ. ಎಎಂಡಿಯ ಬಿ450, ಬಿ550 ಬೋರ್ಡ್‌ಗಳಲ್ಲೂ ಇಲ್ಲ. ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಸಾಮಾನ್ಯವಾಗಿ ಈ ಆಯ್ಕೆಯೇ ಇರುವುದಿಲ್ಲ. ಹುಡುಕುತ್ತ ಸಮಯ ಕಳೆಯಬೇಡಿ, ಲ್ಯಾಪ್‌ಟಾಪ್ ಇರುವವರಿಗೆ ಬೇಕಾದದ್ದು ಮುಂದಿನ ಭಾಗದಲ್ಲಿದೆ.

ವೇಗದ ಜೊತೆ ‘ಸಿಎಲ್’ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಕೇಳಿದ ಮಾಹಿತಿ ಹೊರಬರಲು ಎಷ್ಟು ಬಡಿತ ಕಾಯಬೇಕು ಎಂಬ ಲೆಕ್ಕ ಅದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. 3200ರ ಸಿಎಲ್16, 3600ರ ಸಿಎಲ್18, ಡಿಡಿಆರ್5ರ 6000ದ ಸಿಎಲ್30 ಮೂರೂ ಸರಿಯಾಗಿ 10 ನ್ಯಾನೊಸೆಕೆಂಡ್. ಡಿಡಿಆರ್5 4800ರ ಸಿಎಲ್40ಕ್ಕೆ 16.7. ದೊಡ್ಡ ಸಂಖ್ಯೆ ನೋಡಿ ಮರುಳಾಗದಿರಲು ಈ ಒಂದು ಭಾಗಾಕಾರ ಸಾಕು. ಎಎಂಡಿಯ ರೈಜನ್ 7000 ಸರಣಿಗೆ 6000 ವೇಗ ಹೆಚ್ಚು ಹೊಂದುತ್ತದೆಂದು ಕಂಪನಿಯೇ ಹೇಳಿತ್ತು. ಡಿಡಿಆರ್4ರ ರೈಜನ್ 5000 ಸರಣಿಗೆ 3200ರಿಂದ 3600 ಒಳ್ಳೆಯ ತಾಣ. ಅದರಾಚೆಗಿನ ಓಟ ಹವ್ಯಾಸಿಗಳದು.

ಎರಡು ಸ್ಟಿಕ್, ಸರಿಯಾದ ಸ್ಲಾಟ್

ನನ್ನನ್ನು ಒಂದೇ ಒಂದು ಸಲಹೆ ಕೊಡಿ ಎಂದರೆ ಇದನ್ನೇ ಕೊಡುತ್ತೇನೆ: ಒಂದು ದೊಡ್ಡ ಸ್ಟಿಕ್‌ಗಿಂತ ಎರಡು ಸಣ್ಣ ಸ್ಟಿಕ್ ಮೇಲು. ಇಂದಿನ ಸಾಮಾನ್ಯ ಪ್ರೊಸೆಸರ್‌ಗಳಿಗೆ ರ‍್ಯಾಮ್ ಕಡೆಗೆ ಎರಡು ದಾರಿಗಳಿವೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ. ಎರಡು ತೂಬಿರುವ ಕೆರೆಯಲ್ಲಿ ಒಂದನ್ನು ಮುಚ್ಚಿಟ್ಟು ಗದ್ದೆಗೆ ನೀರು ಸಾಲದು ಎಂದಂತೆ. ಲೆಕ್ಕದಲ್ಲಿ ಹೇಳುವುದಾದರೆ, 3200 ವೇಗದ ಒಂದು ಡಿಡಿಆರ್4 ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು, ಎರಡು ಸ್ಟಿಕ್ 51.2 ಜಿಬಿ.

ಇದರ ಮಹತ್ವ ಅರಿವಾಗಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರನ್ನು ನೋಡಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿರುವುದು ಅಂಥವೇ. 2021ರಲ್ಲಿ ಬಂದ ರೈಜನ್ 5 5600ಜಿ ಪ್ರೊಸೆಸರನ್ನೇ ತೆಗೆದುಕೊಳ್ಳಿ. ಅದರೊಳಗೇ ವೇಗಾ ಗ್ರಾಫಿಕ್ಸ್ ಇದೆ. ಹಾಗಾಗಿ ‘ಈಗ ಇಷ್ಟು ಸಾಕು, ಕಾರ್ಡ್ ಆಮೇಲೆ ಹಾಕೋಣ’ ಎಂದು ಕೊಳ್ಳುವವರಿಗೆ ಅಚ್ಚುಮೆಚ್ಚು. ಪ್ರತ್ಯೇಕ ಕಾರ್ಡ್‌ಗೆ ಅದರದೇ ಮೆಮೊರಿ ಇರುತ್ತದೆ. ಸಾಧಾರಣ ಜಿಟಿಎಕ್ಸ್ 1650 ಕಾರ್ಡ್‌ನ ಜಿಡಿಡಿಆರ್5 ಮೆಮೊರಿ ಕೂಡ ಸೆಕೆಂಡಿಗೆ 128 ಜಿಬಿ ಸಾಗಿಸುತ್ತದೆ. 5600ಜಿಯ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ಜೊತೆ ಅದೇ ರ‍್ಯಾಮ್ ಹಂಚಿಕೊಳ್ಳಬೇಕು. ಅದಕ್ಕೆ 8 ಜಿಬಿಯ ಒಂದೇ ಸ್ಟಿಕ್ ಹಾಕಿ, ಎಕ್ಸ್‌ಎಂಪಿ ಆನ್ ಮಾಡದೆ 2666ರಲ್ಲಿ ಬಿಟ್ಟರೆ ಇಬ್ಬರಿಗೂ ಸೇರಿ ಸಿಗುವುದು ಸೆಕೆಂಡಿಗೆ 21.3 ಜಿಬಿ. ಅಂಥದ್ದೇ ಇನ್ನೊಂದು ಸ್ಟಿಕ್ ಸೇರಿಸಿ ಎರಡನ್ನೂ 3200ಕ್ಕೆ ತಂದರೆ 51.2. ಪ್ರೊಸೆಸರ್ ಅದೇ, ಬೋರ್ಡ್ ಅದೇ, ದಾರಿ ಮಾತ್ರ ಎರಡೂವರೆ ಪಟ್ಟು ಹತ್ತಿರ ಅಗಲ. ಇಂಥ ಯಂತ್ರದಲ್ಲಿ ಜಿಟಿಎ 5ರಂಥ ಗೇಮ್ ಆಡಿದರೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ, ಕಣ್ಣಿಗೇ ಕಾಣುತ್ತದೆ.

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಸೋಜಿಗ ಇದೆ. ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಎಂದು ಹೇಳಿ ಮಾರಿದ ಲ್ಯಾಪ್‌ಟಾಪ್‌ನಲ್ಲಿ ಒಂದೇ ಸ್ಟಿಕ್ ಇದ್ದರೆ ವಿಂಡೋಸ್ ಅದನ್ನು ಬರಿಯ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸುತ್ತದೆ. ಎರಡನೆಯ ಸ್ಟಿಕ್ ಹಾಕಿದೊಡನೆ ಐರಿಸ್ ಎಕ್ಸ್‌ಇ ಎಂಬ ಹೆಸರು ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ, ರ‍್ಯಾಮ್ ಬೋರ್ಡ್‌ಗೇ ಬೆಸೆದಿದೆಯೇ ಎಂಬುದನ್ನು ಕೊಳ್ಳುವ ಮೊದಲು ನೋಡಿಕೊಳ್ಳಿ. ಬೆಸೆದಿದ್ದರೆ ಸೇರಿಸಲು ದಾರಿಯಿಲ್ಲ.

ನಾಲ್ಕು ಸ್ಲಾಟ್ ಇರುವ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಎರಡು ಸ್ಟಿಕ್‌ಗಳನ್ನು ಅಕ್ಕಪಕ್ಕ ಹಾಕುವುದು ಸಾಮಾನ್ಯ ತಪ್ಪು. ಹಾಗೆ ಹಾಕಿದರೆ ಎರಡೂ ಒಂದೇ ದಾರಿಗೆ ಸೇರುತ್ತವೆ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಹಾಕಬೇಕು. ಪಕ್ಕದ ಫಲಕ ಬಿಚ್ಚುವ ಮೊದಲು ಪ್ಲಗ್ ಕೀಳಿ, ಕೈಯನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ತಾಕಿಸಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಸ್ಟಿಕ್‌ನ ಕೆಳಗಿನ ಕಚ್ಚು ಸ್ಲಾಟ್‌ನ ಉಬ್ಬಿಗೆ ಹೊಂದಿದ ಮೇಲೆ ಎರಡೂ ತುದಿ ಒತ್ತಿ, ‘ಟಕ್’ ಎಂದು ಕೊಕ್ಕೆ ಕೂರಬೇಕು. ಬೇರೆ ಬೇರೆ ವೇಗದ ಸ್ಟಿಕ್ ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ, ಕೆಲವೊಮ್ಮೆ ಹೊಂದಿಕೊಳ್ಳುವುದೇ ಇಲ್ಲ. ಜೋಡಿಯಾಗಿ ಮಾರುವ ಕಿಟ್ ಕೊಳ್ಳುವುದು ಕ್ಷೇಮ. ಡಿಡಿಆರ್5 ಇರುವವರು ನಾಲ್ಕೂ ಸ್ಲಾಟ್ ತುಂಬುವ ಆಸೆ ಬಿಡಬೇಕು. ರೈಜನ್ 7000ದಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಅಧಿಕೃತ ವೇಗ 3600ಕ್ಕೆ ಇಳಿದುಬಿಡುತ್ತದೆ.

ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಬಯಾಸ್‌ನಲ್ಲಿ ಇನ್ನೊಂದು ಆಯ್ಕೆ ಉಂಟು: ‘ಯುಎಂಎ ಫ್ರೇಮ್ ಬಫರ್ ಸೈಜ್’. ಗ್ರಾಫಿಕ್ಸ್‌ಗೆಂದು ರ‍್ಯಾಮ್‌ನಲ್ಲಿ ಎಷ್ಟು ಜಾಗ ಕಾದಿರಿಸಬೇಕು ಎಂಬುದು ಅದರ ಅರ್ಥ. ಬೇಕಾದಾಗ ವಿಂಡೋಸ್ ಹೆಚ್ಚು ಕೊಡುತ್ತದಾದರೂ, ಕಾದಿರಿಸಿದ್ದು ಕಡಿಮೆ ಕಂಡರೆ ಕೆಲವು ಗೇಮ್‌ಗಳು ತೆರೆಯುವುದಿಲ್ಲ ಅಥವಾ ಚಿತ್ರದ ಗುಣಮಟ್ಟ ಇಳಿಸುತ್ತವೆ. ಒಟ್ಟು 16 ಜಿಬಿ ಇದ್ದರೆ 2 ಜಿಬಿ ಕೊಡಿ, ಚಿಂತೆಯಿಲ್ಲ. ಬರಿ 8 ಜಿಬಿ ಇದ್ದವರು ಹೆಚ್ಚು ಕೊಟ್ಟರೆ ವಿಂಡೋಸ್‌ಗೇ ಉಸಿರುಗಟ್ಟುತ್ತದೆ. ಪ್ರತ್ಯೇಕ ಕಾರ್ಡ್ ಇರುವವರು ಇದನ್ನು ಮುಟ್ಟುವುದೇ ಬೇಡ.

ಕಾರ್ಡ್ ಇದ್ದವರಿಗೆ ಈ ಎಲ್ಲದರಿಂದ ಎಷ್ಟು ಲಾಭ? ಗೇಮ್ ಮತ್ತು ಯಂತ್ರ ನೋಡಿ ಹೇಳಬೇಕು. ಕಾರ್ಡ್ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿರುವ ಭಾರಿ ಗೇಮ್‌ನಲ್ಲಿ ರ‍್ಯಾಮ್ ವೇಗ ಏರಿಸಿದರೆ ಹೆಚ್ಚೇನೂ ಬದಲಾಗದು. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂಥ, ಪ್ರೊಸೆಸರ್ ಮೇಲೆ ಭಾರ ಬೀಳುವ ಗೇಮ್‌ಗಳಲ್ಲಿ ಫಲ ಚೆನ್ನಾಗಿ ಸಿಗುತ್ತದೆ.

ಪೇಜ್ ಫೈಲ್ ತೆಗೆಯಬೇಡಿ

‘ವರ್ಚುವಲ್ ಮೆಮೊರಿ ಹೆಚ್ಚಿಸಿ, ಗೇಮ್ ರಾಕೆಟ್‌ನಂತೆ ಓಡುತ್ತದೆ’ ಎಂಬ ವಿಡಿಯೊಗಳಿಗೆ ಲೆಕ್ಕವಿಲ್ಲ. ‘ಪೇಜ್ ಫೈಲ್ ಪೂರ್ತಿ ತೆಗೆದುಹಾಕಿ’ ಎನ್ನುವವೂ ಉಂಟು. ಎರಡೂ ತಪ್ಪು ದಾರಿಗೆ ಎಳೆಯುತ್ತವೆ. ಡಿಸ್ಕ್‌ನ ಒಂದು ಭಾಗವನ್ನು ರ‍್ಯಾಮ್‌ಗೆ ಆಸರೆಯಾಗಿ ವಿಂಡೋಸ್ ಇಟ್ಟುಕೊಳ್ಳುತ್ತದೆ, ಅದೇ ಪೇಜ್ ಫೈಲ್. ಅದು ರ‍್ಯಾಮ್‌ನಷ್ಟು ವೇಗವಾಗಿರಲು ಸಾಧ್ಯವೇ ಇಲ್ಲ. ಆದ್ದರಿಂದ ಅದನ್ನು ಹಿಗ್ಗಿಸಿದರೆ ಫ್ರೇಮ್ ಹೆಚ್ಚುವುದಿಲ್ಲ. ತೆಗೆದುಹಾಕಿದರೆ ಬೇರೆ ಅಪಾಯ. ತಂತ್ರಾಂಶಗಳು ಕೇಳಿದಷ್ಟು ಮೆಮೊರಿ ಕೊಡುತ್ತೇನೆಂದು ವಿಂಡೋಸ್ ಮಾತು ಕೊಡುತ್ತಾ ಹೋಗುತ್ತದೆ. ಆ ಮಾತಿನ ಗಡಿ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡರ ಮೊತ್ತ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಕಮಿಟೆಡ್’ ಎಂಬಲ್ಲಿ ‘14/18 ಜಿಬಿ’ ಎಂಬಂತೆ ಕಾಣುವುದು ಇದೇ. ಮೊದಲ ಸಂಖ್ಯೆ ಎರಡನೆಯದನ್ನು ಮುಟ್ಟಿದರೆ ರ‍್ಯಾಮ್‌ನಲ್ಲಿ ಜಾಗ ಉಳಿದಿದ್ದರೂ ‘ಔಟ್ ಆಫ್ ಮೆಮೊರಿ’ ಎಂದು ಗೇಮ್ ಬಿದ್ದುಹೋಗುತ್ತದೆ.

ಹೆಚ್ಚಿನವರಿಗೆ ಸರಿಯಾದದ್ದು ವಿಂಡೋಸ್‌ಗೇ ಬಿಟ್ಟುಬಿಡುವುದು. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ ತೆರೆಯಿರಿ. ‘ಪರ್ಫಾರ್ಮೆನ್ಸ್’ ಕೆಳಗಿನ ‘ಸೆಟ್ಟಿಂಗ್ಸ್’, ಅಲ್ಲಿ ‘ಅಡ್ವಾನ್ಸ್‌ಡ್’, ಕೊನೆಗೆ ವರ್ಚುವಲ್ ಮೆಮೊರಿಯ ‘ಚೇಂಜ್’. ಮೇಲಿರುವ ‘ಆಟೊಮ್ಯಾಟಿಕಲಿ ಮ್ಯಾನೇಜ್’ ಚೌಕದಲ್ಲಿ ಗುರುತು ಇರಲಿ. ಸಿ ಡ್ರೈವ್ ಎಸ್‌ಎಸ್‌ಡಿಯಲ್ಲಿದ್ದು, ಅದರಲ್ಲಿ ಧಾರಾಳ ಜಾಗ ಖಾಲಿ ಇರಬೇಕು. ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದ್ದರೆ ಪೇಜ್ ಫೈಲ್ ಬೆಳೆಯಲು ಎಡೆಯಿಲ್ಲ. ಗೇಮ್ ಬೀಳಲು ಇದೇ ಕಾರಣವಾಗಿರುವುದು ಬಹಳ ಸಲ. ಪೇಜ್ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿದ್ದು ಯಂತ್ರದಲ್ಲಿ ಎಸ್‌ಎಸ್‌ಡಿಯೂ ಇದ್ದರೆ ಆ ಗುರುತು ತೆಗೆದು, ಎಸ್‌ಎಸ್‌ಡಿ ಆರಿಸಿ ‘ಸಿಸ್ಟಮ್ ಮ್ಯಾನೇಜ್ಡ್’ ಕೊಟ್ಟು, ‘ಸೆಟ್’ ಒತ್ತಿ, ರೀಸ್ಟಾರ್ಟ್ ಮಾಡಿ. ರ‍್ಯಾಮ್‌ನ ಒಂದೂವರೆ ಪಟ್ಟು ಇಡಬೇಕು ಎಂಬ ಸೂತ್ರ ರ‍್ಯಾಮ್ ಅತಿ ಕಡಿಮೆ ಇದ್ದ ಕಾಲದ್ದು, ಈಗ ಅದಕ್ಕೆ ಜೋತುಬೀಳಬೇಕಿಲ್ಲ.

ಇದೇ ಜಾತಿಯ ಇನ್ನೊಂದು ಸಲಹೆ ‘ಎಂಎಸ್‌ಕಾನ್ಫಿಗ್ ತೆರೆದು ಮ್ಯಾಕ್ಸಿಮಮ್ ಮೆಮೊರಿಗೆ ಗುರುತು ಹಾಕಿ’ ಎಂಬುದು. ಆ ಚೌಕ ಇರುವುದು ಪರೀಕ್ಷೆಗಾಗಿ ಮೆಮೊರಿಗೆ ಮಿತಿ ಹೇರಲು. ಗುರುತು ಹಾಕಿದರೆ ಒಂದು ಹನಿ ರ‍್ಯಾಮ್ ಕೂಡ ಹೆಚ್ಚುವುದಿಲ್ಲ, ಕಡಿಮೆಯಾಗುವ ಸಂಭವ ಮಾತ್ರ ಇದೆ. ಯಾರಾದರೂ ಹಾಕಿದ್ದರೆ ಈಗಲೇ ತೆಗೆಯಿರಿ. ‘ರ‍್ಯಾಮ್ ಬೂಸ್ಟರ್’ ತಂತ್ರಾಂಶಗಳನ್ನೂ ನಾನು ಯಾರಿಗೂ ಹೇಳುವುದಿಲ್ಲ. ಖಾಲಿ ಇರುವ ರ‍್ಯಾಮ್‌ನಲ್ಲಿ ಮುಂದೆ ಬೇಕಾಗಬಹುದಾದ ಫೈಲ್‌ಗಳನ್ನು ವಿಂಡೋಸ್ ತಂದಿಟ್ಟುಕೊಂಡಿರುತ್ತದೆ. ಯಾರಾದರೂ ಜಾಗ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಬೂಸ್ಟರ್ ಅದನ್ನೆಲ್ಲ ಗುಡಿಸಿಹಾಕಿ ‘4 ಜಿಬಿ ಉಳಿಸಿದೆ’ ಎಂದು ಬೀಗುತ್ತದೆ, ಗೇಮ್ ಅದೇ ಫೈಲ್‌ಗಳನ್ನು ಮತ್ತೆ ಡಿಸ್ಕ್‌ನಿಂದ ತರುತ್ತದೆ.

ನಿಜವಾಗಿ ಜಾಗ ಬಿಡಿಸುವುದು ಬ್ರೌಸರ್ ಮುಚ್ಚುವುದರಿಂದ. ಹತ್ತಾರು ಟ್ಯಾಬ್ ತೆರೆದ ಕ್ರೋಮ್ ಎರಡು ಮೂರು ಜಿಬಿ ಹಿಡಿದಿರುವುದು ಸಾಮಾನ್ಯ. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಪುಟದಲ್ಲಿ ಬೇಡದ ಲಾಂಚರ್‌ಗಳನ್ನು, ಪ್ರಿಂಟರ್ ಸಹಾಯಕಗಳನ್ನು ಡಿಸೇಬಲ್ ಮಾಡಿ. 8 ಜಿಬಿ ಯಂತ್ರದಲ್ಲಿ ಇಷ್ಟರಿಂದಲೇ ಗೇಮ್ ಸುಧಾರಿಸಿದ್ದನ್ನು ಕಾಣಬಹುದು. ವಿಂಡೋಸ್ 11ರಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಸೌಲಭ್ಯ ಇದೆ. ಅದರಿಂದ ಕೆಲವು ಯಂತ್ರಗಳಲ್ಲಿ ಗೇಮ್ ವೇಗ ತಗ್ಗಬಹುದು, ಆಡುವಾಗ ಆಫ್ ಮಾಡಿ ಆಮೇಲೆ ಆನ್ ಮಾಡಬಹುದು ಎಂದು 2022ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಬ್ಯಾಂಕ್ ವ್ಯವಹಾರವೂ ಅದೇ ಕಂಪ್ಯೂಟರ್‌ನಲ್ಲಿ ನಡೆಯುವ ಮನೆಯಲ್ಲಿ ಅದನ್ನು ಆನ್ ಇಡುವುದೇ ಸರಿ ಎಂಬುದು ನನ್ನ ನಿಲುವು. ಕೆಲವು ಫ್ರೇಮ್‌ಗಾಗಿ ಭದ್ರತೆ ಸಡಿಲಿಸುವುದು ಲಾಭದ ವ್ಯಾಪಾರವಲ್ಲ.

ಮೈನ್‌ಕ್ರಾಫ್ಟ್‌ಗೆ ಬೇರೆ ನಿಯಮ

ಮಕ್ಕಳಿರುವ ಮನೆಯಲ್ಲಿ ಈ ಗೇಮ್ ಬಗ್ಗೆ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ತನಗೆ ಎಷ್ಟು ರ‍್ಯಾಮ್ ಬೇಕೆಂದು ಮೊದಲೇ ಗೆರೆ ಹಾಕಿಕೊಂಡು ಓಡುತ್ತದೆ. ಕಂಪ್ಯೂಟರ್‌ನಲ್ಲಿ 16 ಜಿಬಿ ಇದ್ದರೂ ಆ ಗೆರೆ ದಾಟುವುದಿಲ್ಲ. ಬಹಳ ವರ್ಷ ಲಾಂಚರ್ ಹಾಕುತ್ತಿದ್ದ ಗೆರೆ 2 ಜಿಬಿ. ಮಾಡ್ (ಗೇಮ್‌ಗೆ ಹೊರಗಿನವರು ಬರೆದ ಸೇರ್ಪಡೆ) ಸೇರಿಸಿ ಆಡುವವರಿಗೆ ಅದು ಸಾಲದು.

ಲಾಂಚರ್‌ನಲ್ಲಿ ‘ಇನ್‌ಸ್ಟಾಲೇಷನ್ಸ್’ ತೆರೆದು, ಆಡುವ ಆವೃತ್ತಿಯ ಪಕ್ಕದ ಮೂರು ಚುಕ್ಕಿ ಒತ್ತಿ ‘ಎಡಿಟ್’, ಅಲ್ಲಿ ‘ಮೋರ್ ಆಪ್ಷನ್ಸ್’. ‘ಜೆವಿಎಂ ಆರ್ಗ್ಯುಮೆಂಟ್ಸ್’ ಎಂಬ ಉದ್ದದ ಸಾಲಿನ ಮೊದಲಲ್ಲೇ ಎಕ್ಸ್‌ಎಂಎಕ್ಸ್ ಎಂಬ ಅಕ್ಷರಗಳೂ ಅದಕ್ಕೆ ಅಂಟಿಕೊಂಡು 2ಜಿ ಎಂದೋ 4ಜಿ ಎಂದೋ ಇರುತ್ತದೆ. ಆ ಅಂಕಿಯನ್ನಷ್ಟೇ ಬದಲಿಸಿ, ನಡುವೆ ಜಾಗ ಬಿಡಬೇಡಿ. ಮಾಡ್ ಇಲ್ಲದ ಗೇಮ್‌ಗೆ 4, ಹೆಚ್ಚು ಮಾಡ್ ಇದ್ದರೆ 6ರಿಂದ 8 ಸಾಕು. ‘ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂದು 12 ಕೊಟ್ಟರೆ ಗೇಮ್ ಹದಗೆಡಬಹುದು. ಬಳಸಿ ಬಿಟ್ಟ ಮೆಮೊರಿಯನ್ನು ಜಾವಾ ಆಗಾಗ ಒಟ್ಟಾಗಿ ಸ್ವಚ್ಛ ಮಾಡುತ್ತದೆ. ಕಸ ಹೆಚ್ಚು ಗುಡ್ಡೆಯಾದಷ್ಟೂ ಸ್ವಚ್ಛತೆಗೆ ಹಿಡಿಯುವ ಕಾಲ ಹೆಚ್ಚಬಹುದು, ಆಗ ಆಟ ಗಕ್ಕನೆ ನಿಲ್ಲುತ್ತದೆ. ವಿಂಡೋಸ್‌ಗೂ ಜಾಗ ಬೇಕು. ಒಟ್ಟು 8 ಜಿಬಿ ಯಂತ್ರದಲ್ಲಿ 4ರ ಮೇಲೆ ಹೋಗಲೇಬಾರದು.

ಹಳೆಯ ಗೇಮ್‌ಗಳದು ಇನ್ನೊಂದು ಕಥೆ. 2010ರ ‘ಫಾಲ್‌ಔಟ್: ನ್ಯೂ ವೆಗಾಸ್’ನಂಥ 32 ಬಿಟ್ ಗೇಮ್‌ಗೆ ನಿಮ್ಮ ಬಳಿ 32 ಜಿಬಿ ಇದ್ದರೂ ಬಳಸಲು ಬರುವುದು 2 ಜಿಬಿ ಮಾತ್ರ. ಅದಕ್ಕೆಂದೇ ಅಭಿಮಾನಿಗಳು ಮಾಡಿದ 4 ಜಿಬಿ ಪ್ಯಾಚ್ ಇದೆ. ಅಂಥ ಗೇಮ್ ಬೀಳುತ್ತಿದ್ದರೆ ಹೊಸ ರ‍್ಯಾಮ್ ಕೊಂಡರೆ ಉಪಯೋಗವಿಲ್ಲ.

ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯನ್ನೂ ಮರೆಯುವಂತಿಲ್ಲ. ಟಾಸ್ಕ್ ಮ್ಯಾನೇಜರ್‌ನ ‘ಜಿಪಿಯು’ ಪುಟದಲ್ಲಿ ‘ಡೆಡಿಕೇಟೆಡ್’ ಮೆಮೊರಿ ತುಂಬಿ ತುಳುಕಿ ‘ಶೇರ್ಡ್’ ಕಡೆ ಏರುತ್ತಿದ್ದರೆ ಕಾರ್ಡ್ ರ‍್ಯಾಮ್‌ನ ಆಸರೆ ಪಡೆಯುತ್ತಿದೆ ಎಂದರ್ಥ. 4 ಜಿಬಿ ಕಾರ್ಡ್‌ಗಳಲ್ಲಿ ಹೊಸ ಗೇಮ್ ತಡವರಿಸಲು ದೊಡ್ಡ ಕಾರಣ ಇದೇ. ಗೇಮ್‌ನ ಒಳಗೆ ‘ಟೆಕ್ಸ್‌ಚರ್’ ಗುಣಮಟ್ಟವನ್ನು ಒಂದು ಹಂತ ಇಳಿಸಿ, ಉಳಿದದ್ದನ್ನು ಹಾಗೇ ಬಿಡಿ. ಮೆಮೊರಿ ಉಳಿಸುವಲ್ಲಿ ಬೇರೆ ಯಾವ ಆಯ್ಕೆಗಿಂತ ಇದು ಹೆಚ್ಚು ಪರಿಣಾಮಕಾರಿ.

ಇಷ್ಟೆಲ್ಲ ಆದಮೇಲೂ ರ‍್ಯಾಮ್ ಶೇ 90ರ ಮೇಲೇ ಇದ್ದರೆ ಕೊಳ್ಳುವುದೇ ದಾರಿ. 2015ರಲ್ಲಿ ಕಂಪ್ಯೂಟರ್‌ಗೆ ಬಂದ ಜಿಟಿಎ 5ಕ್ಕೆ ಕನಿಷ್ಠ 4 ಜಿಬಿ ಸಾಕಿತ್ತು. 2023ರ ಹಾಗ್ವರ್ಟ್ಸ್ ಲೆಗಸಿಗೆ ಕನಿಷ್ಠವೇ 16. ಹೊಸ ಗೇಮ್ ಆಡುವವರು 8 ಜಿಬಿಯಲ್ಲಿ ಹೆಣಗುವುದು ಬೇಡ, 16 ಜಿಬಿ ಮಾಡಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಡಿಡಿಆರ್4 ಸ್ಟಿಕ್‌ಗಳೂ ಸಿಗುತ್ತವೆ. ಕೊಳ್ಳುವುದಾದರೆ ಅಂಗಡಿಯ ಯಂತ್ರದಲ್ಲಿ ಹಾಕಿಸಿ ವೇಗ, ಗಾತ್ರ ನೋಡಿ, ಮನೆಯಲ್ಲಿ ಪರೀಕ್ಷೆ ಮಾಡಿ ದೋಷ ಬಂದರೆ ಬದಲಿಸಿಕೊಡುವ ಮಾತು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಡಿಡಿಆರ್3, 4, 5 ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ.

ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗಳವರಲ್ಲಿ ನನ್ನದೊಂದು ವಿನಂತಿ. ವಿಂಡೋಸ್ ಹಾಕಿ, ಡ್ರೈವರ್ ಹಾಕಿ ಗ್ರಾಹಕರ ಕೈಗೆ ಕೊಡುವ ಮುನ್ನ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಎರಡು ಸ್ಟಿಕ್ ಇದ್ದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಕೂರಿಸಿ. ಐದು ನಿಮಿಷದ ಕೆಲಸ. ಹೊಸ ಯಂತ್ರ ಕೊಳ್ಳಲಿರುವ ಓದುಗರು ಹಣ ಕೊಡುವ ಮೊದಲು ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಸಿ, ‘ಸ್ಪೀಡ್’ ಎಂಬಲ್ಲಿರುವ ಸಂಖ್ಯೆಯೂ ಬಿಲ್ಲಿನಲ್ಲಿರುವ ಸಂಖ್ಯೆಯೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ.